ಒಂದೇ ಒಡಲು, ಎರಡು ವರದಿ



ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಅಕ್ಕನ ಮಗಳು ಆಗ ದ್ವಿತೀಯ ಪಿ.ಯು.ಸಿ. ಓದುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಲಕೋಟೆಗಳನ್ನು ಹಿಡಿದುಕೊಂಡು ತಾಯಿಯ ಜೊತೆ ನಮ್ಮ ಮನೆಗೆ ಬಂದಳು. ಎರಡು ತಿಂಗಳಿಂದ ಮುಟ್ಟು ಆಗಿರಲಿಲ್ಲವೆಂದು ಅಕ್ಕ ಅವಳನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ದಿದ್ದಳು. ಮೊದಲನೆಯ ಲಕೋಟೆಯಲ್ಲಿದ್ದ ವರದಿ ಅಂಡಾಶಯಗಳು 'ಪಾಲಿಸಿಸ್ಟಿಕ್' ಆಗಿವೆ ಎಂದಿತ್ತು. ಗಾಬರಿಯಿಂದ ಮೂರು ವಾರದ ಮೇಲೆ ಇನ್ನೊಂದು ಕಡೆ ತೋರಿಸಿದರೆ ಅಲ್ಲಿ 'ಗರ್ಭಕೋಶ ಮತ್ತು ಅಂಡಾಶಯಗಳು ಸಹಜವಾಗಿವೆ' ಎಂದು ಬರೆದುಕೊಟ್ಟಿದ್ದರು. ಅಕ್ಕ ಆಗಲೇ ಮಗಳ ಮದುವೆ, ಮಕ್ಕಳು ಎಂದು ಯೋಚನೆ ಹಚ್ಚಿಕೊಂಡು ನಿದ್ದೆ ಕೆಡಿಸಿಕೊಂಡಿದ್ದಳು. ಹುಡುಗಿ ಮಾತ್ರ ನೇರವಾಗಿ ಕೇಳಿದಳು: "ಮಾಮ, ಎರಡರಲ್ಲಿ ಒಂದು ಸುಳ್ಳಿರಲೇಬೇಕಲ್ಲ? ಯಾವುದು?"

ನಾನು ವೈದ್ಯನಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಟೆಲಿವಿಷನ್‌ಗೆ ಬಂದವನು. ಆದರೆ ಒಂದೇ ಕ್ಯಾಮೆರಾದ ಚಿತ್ರ ಕಂಟ್ರೋಲ್ ರೂಮಿನ ಎರಡು ಮಾನಿಟರುಗಳಲ್ಲಿ ಎರಡು ಬಣ್ಣವಾಗಿ ಕಾಣುವುದನ್ನು ದಿನಾ ನೋಡುತ್ತೇನೆ. ಅಲ್ಲಿ ಸುಳ್ಳು ಹೇಳುವವರು ಯಾರೂ ಇರುವುದಿಲ್ಲ. ಆಮೇಲೆ ಸ್ತ್ರೀಯರ ಆರೋಗ್ಯದ ಬಗ್ಗೆ ವೈದ್ಯರ ಮಾತುಕತೆಯ ಕಾರ್ಯಕ್ರಮವೊಂದನ್ನು ಸಿದ್ಧಪಡಿಸುವಾಗ ಈ ಪ್ರಶ್ನೆಯನ್ನು ನಾನೇ ಬೆನ್ನು ಹತ್ತಿದೆ. ಅರ್ಧ ಗಂಟೆಯಲ್ಲಿ ರೋಗ, ಔಷಧಿ, ಪಥ್ಯ ಎಲ್ಲಕ್ಕೂ ಜಾಗ ಸಿಕ್ಕಿತು, ಇತಿಹಾಸಕ್ಕೆ ಸಿಗಲಿಲ್ಲ. ಉಳಿದುಹೋದ ಆ ಇತಿಹಾಸವನ್ನೇ ಇಲ್ಲಿ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಸೋದರ ಸೊಸೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ.

ಹೊಟ್ಟೆಯೊಳಗೆ ಇರುವುದೇನು ಎಂಬ ಬಗ್ಗೆ ಇಬ್ಬರು ಬಲ್ಲವರು ಎರಡು ಮಾತು ಹೇಳುವುದು ಯಂತ್ರಗಳ ಕಾಲದಲ್ಲಿ ಹುಟ್ಟಿದ ತೊಂದರೆಯಲ್ಲ. 1809ರ ಕೊನೆಯಲ್ಲಿ ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ ದಿನ ತುಂಬಿದ ಬಸುರಿಯಂತೆ ಉಬ್ಬಿತ್ತು. ಸ್ಥಳೀಯ ವೈದ್ಯರು ಅವಳಿ ಮಕ್ಕಳಿರಬೇಕು ಎಂದರು. ಡ್ಯಾನ್‌ವಿಲ್ ಊರಿನ ವೈದ್ಯ ಎಫ್ರೈಮ್ ಮೆಕ್‌ಡೊವೆಲ್ ಬಂದು ಕೈಯಿಂದ ಪರೀಕ್ಷಿಸಿ, ಮಗುವಲ್ಲ, ಅಂಡಾಶಯದ ಗಡ್ಡೆ ಎಂದ. ಆಕೆ ಆ ಚಳಿಯಲ್ಲಿ ಅರುವತ್ತು ಮೈಲಿ ಕುದುರೆಯ ಮೇಲೆ ಪ್ರಯಾಣ ಮಾಡಿ ಅವನ ಮನೆಗೆ ಹೋದಳು. ಅರಿವಳಿಕೆ ಎಂಬುದು ಬರಲು ಇನ್ನೂ ಮೂವತ್ತೇಳು ವರ್ಷ ಬಾಕಿ. ಎಚ್ಚರವಾಗಿಯೇ ಮಲಗಿದ್ದ ಆಕೆಯ ಒಡಲಿನಿಂದ ಇಪ್ಪತ್ತೈದು ನಿಮಿಷಗಳಲ್ಲಿ ಹೊರಬಂದ ಗಡ್ಡೆಯ ತೂಕ 22.5 ಪೌಂಡು, ಅಂದರೆ ಹತ್ತು ಕಿಲೋಗಿಂತ ಹೆಚ್ಚು. ಐದನೆಯ ದಿನ ಮೆಕ್‌ಡೊವೆಲ್ ಹೋಗಿ ನೋಡಿದರೆ ಆಕೆ ಎದ್ದು ಹಾಸಿಗೆ ಸರಿಪಡಿಸುತ್ತಿದ್ದಳು! ಆಮೇಲೆ ಮೂವತ್ತೆರಡು ವರ್ಷ ಬದುಕಿದಳು.

ಈ ಕತೆಯನ್ನು ಓದಿದಾಗ ವೈದ್ಯನ ಕೈಗೆ ನಮಸ್ಕಾರ ಹೇಳಬೇಕೆನ್ನಿಸುತ್ತದೆ. ಆದರೆ ಇನ್ನೊಂದು ಕತೆಯನ್ನೂ ಕೇಳಿ. 1820ರ ದಶಕದಲ್ಲಿ ಎಡಿನ್‌ಬರೋ ನಗರದ ಶಸ್ತ್ರವೈದ್ಯ ಜಾನ್ ಲಿಝಾರ್ಸ್ ಇಂಥದೇ ಇನ್ನೊಬ್ಬ ಹೆಂಗಸಿನ ಹೊಟ್ಟೆಯನ್ನು ಅಂಡಾಶಯದ ಗಡ್ಡೆ ಎಂದು ಕೊಯ್ದ. ಒಳಗೆ ಗಡ್ಡೆಯೇ ಇರಲಿಲ್ಲ. ಇದ್ದದ್ದು ಬೊಜ್ಜು ಮತ್ತು ಗಾಳಿ ತುಂಬಿ ಉಬ್ಬಿದ ಕರುಳು. ಹೊಲಿದು ಕಳಿಸಿದ, ಆಕೆಯ ಅದೃಷ್ಟ, ಬದುಕಿದಳು. ಲಿಝಾರ್ಸ್ ಅದನ್ನು ಮುಚ್ಚಿಡದೆ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಎಂಬುದಕ್ಕಾಗಿ ನನಗೆ ಅವನ ಮೇಲೆ ಗೌರವವಿದೆ.

ಆ ಕಾಲದ ವೈದ್ಯರ ಬಳಿ ಕೈ ಬಿಟ್ಟರೆ ಇದ್ದದ್ದು ಕಿವಿ. ಆಸ್ಟ್ರಿಯಾದ ಔಎನ್‌ಬ್ರುಗರ್ ಎಂಬ ವೈದ್ಯ ಒಬ್ಬ ವಸತಿಗೃಹದ ಯಜಮಾನನ ಮಗ. ಪೀಪಾಯಿಯ ಮೇಲೆ ಬೆರಳಿನಿಂದ ತಟ್ಟಿದರೆ ಒಳಗೆ ದ್ರಾಕ್ಷಾರಸ ಎಲ್ಲಿಯ ತನಕ ಇದೆ ಎಂದು ತಿಳಿಯುತ್ತದೆ. ಅದೇ ಉಪಾಯವನ್ನು ಮನುಷ್ಯನ ಮೈಗೆ ಅನ್ವಯಿಸಿ 1761ರಲ್ಲಿ ಬರೆದ. ನಮ್ಮ ಸಂತೆಯಲ್ಲಿ ಹಲಸಿನಹಣ್ಣನ್ನು ತಟ್ಟಿ ನೋಡುತ್ತಾರಲ್ಲ, ಹಾಗೆ. ರೋಗಿ ಅಂಗಾತ ಮಲಗಿದ್ದಾಗ ಹೊಟ್ಟೆಯ ನಡುಭಾಗ ಟೊಳ್ಳಾಗಿ, ಪಕ್ಕೆಗಳು ಮಂದವಾಗಿ ಕೇಳಿಸಿದರೆ ಅದು ಜಲೋದರ. ನೀರು ಪಕ್ಕಕ್ಕಿಳಿದು ಗಾಳಿ ತುಂಬಿದ ಕರುಳು ಮೇಲೆ ತೇಲುತ್ತದೆ. ನಡುಭಾಗ ಮಂದ, ಪಕ್ಕೆಗಳು ಟೊಳ್ಳು ಎಂದಾದರೆ ಅಂಡಾಶಯದ ನೀರ್ಚೀಲ, ಅಂದರೆ ಸಿಸ್ಟ್. ಅದು ಕರುಳನ್ನು ಪಕ್ಕಕ್ಕೆ ತಳ್ಳಿರುತ್ತದೆ. ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇನ್ನೊಂದು ಊರಿನಲ್ಲಿ ಇನ್ನೊಂದು ವೇಷದಲ್ಲಿ ಇದೇ ಮತ್ತೆ ಬರುತ್ತದೆ.

1895ರಲ್ಲಿ ರಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದಾಗ ಇನ್ನು ಒಳಗಿನದೆಲ್ಲ ಕಾಣುತ್ತದೆ ಎಂದು ಜನ ತಿಳಿದರು. ಮೂಳೆ ಕಂಡಿತು. ಅಂಡಾಶಯ ಕಾಣಲಿಲ್ಲ, ಏಕೆಂದರೆ ಅದೂ ಅದರ ಸುತ್ತಲಿನ ಮಾಂಸವೂ ಕ್ಷ-ಕಿರಣಕ್ಕೆ ಹೆಚ್ಚುಕಡಿಮೆ ಒಂದೇ. ಷಿಕಾಗೋದ ಇರ್ವಿಂಗ್ ಸ್ಟೈನ್ ಎಂಬ ವೈದ್ಯ ಹೊಟ್ಟೆಯೊಳಗೆ ಅನಿಲ ತುಂಬಿಸಿ, ಆ ಅನಿಲದ ಹಿನ್ನೆಲೆಯಲ್ಲಿ ಅಂಡಾಶಯಗಳ ಆಕಾರ ಮೂಡುವಂತೆ ಮಾಡುತ್ತಿದ್ದ. ಅವನೂ ಮೈಕೇಲ್ ಲೆವೆಂತಾಲ್ ಎಂಬವನೂ ಸೇರಿ 1935ರಲ್ಲಿ ಏಳು ಮಂದಿ ಸ್ತ್ರೀಯರ ಬಗ್ಗೆ ಬರೆದರು. ಮುಟ್ಟು ನಿಂತಿದ್ದವರು ಅಥವಾ ಅಪರೂಪವಾಗಿ ಆಗುತ್ತಿದ್ದವರು. ಅಂಡಾಶಯಗಳು ದಪ್ಪ, ಒಳಗೆಲ್ಲ ಪುಟ್ಟಪುಟ್ಟ ನೀರ್ಚೀಲಗಳು. ಅಂಡಾಶಯದ ಒಂದು ತುಂಡನ್ನು ಕೊಯ್ದು ತೆಗೆದ ಮೇಲೆ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಇಂದು ನೀವು ಪಿ.ಸಿ.ಓ.ಡಿ., ಪಿ.ಸಿ.ಓ.ಎಸ್. ಎಂದು ಕೇಳುವ ಹೆಸರಿನ ಮೂಲ ಈ ಏಳು ಜನ. ಏಳೇ ಜನ ಎಂಬುದನ್ನು ಗಮನಿಸಿ.

ಈಗ ಗ್ಲಾಸ್ಗೋಗೆ ಬನ್ನಿ. 1954ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಸೂತಿ ವಿಭಾಗದ ಪ್ರೊಫೆಸರ್ ಆಗಿ ಬಂದವರು ಇಯಾನ್ ಡೊನಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈದ್ಯಾಧಿಕಾರಿಯಾಗಿದ್ದವರು; ರೇಡಾರ್, ಸೋನಾರ್‌ಗಳ ಹುಚ್ಚು ಅಲ್ಲಿ ಹತ್ತಿತ್ತು. ನಗರದ ಸಮೀಪ ರೆನ್‌ಫ್ರೂನಲ್ಲಿ ಬಾಯ್ಲರ್ ತಯಾರಿಸುವ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಾರ್ಖಾನೆ. ಅಲ್ಲಿ ಬೆಸುಗೆಯ ಒಳಗೆ ಬಿರುಕಿದೆಯೇ ಎಂದು ನೋಡಲು ಶ್ರವಣಾತೀತ ಧ್ವನಿಯ ದೋಷಶೋಧಕ ಯಂತ್ರ ಬಳಸುತ್ತಿದ್ದರು. 1955ರ ಜುಲೈ 21ರಂದು ಡೊನಾಲ್ಡ್ ಆಗಷ್ಟೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದ ನಾರುಗಡ್ಡೆಗಳನ್ನೂ ಅಂಡಾಶಯದ ಸಿಸ್ಟ್‌ಗಳನ್ನೂ ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು ಆ ಕಾರ್ಖಾನೆಗೆ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡನ್ನು ಒದಗಿಸಿದ್ದರು. ಕಾವಲುಗಾರನ ಮುಖ ಹೇಗಿದ್ದಿರಬಹುದು ಎಂದು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ.

ಫಲಿತಾಂಶ ಚೆನ್ನಾಗಿ ಬಂತು. ದ್ರವ ತುಂಬಿದ ಸಿಸ್ಟ್‌ನೊಳಗೆ ಧ್ವನಿ ತಡೆಯಿಲ್ಲದೆ ಹೋಗಿ ಆಚೆಯ ಗೋಡೆಗೆ ಬಡಿದು ಹಿಂತಿರುಗಿತು. ತೆರೆಯ ಮೇಲೆ ಈಚೆಗೊಂದು, ಆಚೆಗೊಂದು ಏರು, ನಡುವೆ ಖಾಲಿ ಗೆರೆ. ಗಟ್ಟಿಯಾದ ನಾರುಗಡ್ಡೆಯಲ್ಲಿ ಧ್ವನಿ ಹೋದಂತೆಲ್ಲ ಕ್ಷೀಣಿಸಿತು. ಇದು ಚಿತ್ರವಲ್ಲ, ಬರೀ ಒಂದು ಗೆರೆ. ಟಾಮ್ ಬ್ರೌನ್ ಎಂಬ ಇಪ್ಪತ್ತು ದಾಟಿದ ಯುವಕ ಕೆಲ್ವಿನ್ ಅಂಡ್ ಹ್ಯೂಸ್ ಕಂಪೆನಿಯಲ್ಲಿ ಇಂಜಿನಿಯರ್. ಡೊನಾಲ್ಡರ ಪ್ರಯೋಗದ ಸುದ್ದಿ ಕಿವಿಗೆ ಬಿದ್ದಾಗ ತಾನಾಗಿಯೇ ಫೋನ್ ಮಾಡಿ ಹೋದ. ಗೆರೆಯನ್ನು ಚಿತ್ರವಾಗಿಸುವ ಯಂತ್ರವನ್ನು ಕಟ್ಟಿದವನು ಅವನು. ಅದೇ ಕಾಲದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಗ್ಲಾಸ್ ಹೌರಿ ಎಂಬವರು ಬಾಂಬರ್ ವಿಮಾನದ ಬಂದೂಕು ಗೋಪುರವನ್ನು ತೊಟ್ಟಿಯಾಗಿಸಿ ರೋಗಿಯನ್ನು ನೀರಿನಲ್ಲಿ ಕೂರಿಸಿ ಚಿತ್ರ ತೆಗೆಯುತ್ತಿದ್ದರು. ಕಾಯಿಲೆಯವರನ್ನು ತೊಟ್ಟಿಗೆ ಇಳಿಸುವುದು ಸಾಧ್ಯವೇ? ಗ್ಲಾಸ್ಗೋದವರು ಹೊಟ್ಟೆಗೆ ಆಲಿವ್ ಎಣ್ಣೆ ಸವರಿ ಅದರ ಮೇಲೆಯೇ ಶೋಧಕವನ್ನು ಓಡಿಸಿದರು. ಇಂದು ತಣ್ಣನೆಯ ಜೆಲ್ ಹಚ್ಚುತ್ತಾರಲ್ಲ, ಅದರ ಹಿರಿಯಣ್ಣ ಈ ಎಣ್ಣೆ.

ಇನ್ನು ನಾನು ಹೇಳಬೇಕೆಂದಿದ್ದ ಘಟನೆ. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಒಬ್ಬ ಹೆಂಗಸು ಸಾವಿನ ದಾರಿ ನೋಡುತ್ತ ಮಲಗಿದ್ದರು. ಹೊಟ್ಟೆ ಬಹಳ ಉಬ್ಬಿತ್ತು, ತೂಕ ಇಳಿಯುತ್ತಿತ್ತು. ಬೇರಿಯಂ ಕೊಟ್ಟು ತೆಗೆದ ಕ್ಷ-ಕಿರಣ ಚಿತ್ರವನ್ನು ನೋಡಿ ಜಠರದ ಕ್ಯಾನ್ಸರ್, ಉಬ್ಬಿರುವುದು ಅದರಿಂದಾದ ಜಲೋದರ, ಶಸ್ತ್ರಚಿಕಿತ್ಸೆಗೆ ಮೀರಿದೆ ಎಂದು ನಿರ್ಧರಿಸಲಾಗಿತ್ತು. ಅನುಭವಿಗಳೇ ಕೊಟ್ಟ ತೀರ್ಮಾನ. ಡೊನಾಲ್ಡ್ ಮತ್ತು ಅವರ ಸಹಾಯಕ ಜಾನ್ ಮೆಕ್‌ವಿಕಾರ್ ತಮ್ಮ ಯಂತ್ರವನ್ನು ಒಯ್ದು ಪರೀಕ್ಷೆ ಮಾಡಿದರು. ಜಲೋದರವಾಗಿದ್ದರೆ ಮೇಲೆ ತೇಲುವ ಕರುಳಿನಿಂದ ಪ್ರತಿಧ್ವನಿ ಹೊಟ್ಟೆಯ ಗೋಡೆಯ ಹತ್ತಿರದಲ್ಲೇ ಬರಬೇಕು. ಬರಲಿಲ್ಲ. ಗೆರೆ ಉದ್ದಕ್ಕೂ ಖಾಲಿ ಓಡಿ, ಬಹಳ ಆಳದಲ್ಲಿ ಒಂದು ದೊಡ್ಡ ಏರನ್ನು ತೋರಿಸಿತು. ಔಎನ್‌ಬ್ರುಗರನ ಪೀಪಾಯಿಯ ತರ್ಕವೇ ಅಲ್ಲವೆ? ಮೆಕ್‌ವಿಕಾರ್ ಅಳುಕುತ್ತ, ಇದು ಸಿಸ್ಟ್‌ನಂತೆ ಕಾಣುತ್ತದೆ ಎಂದರು. ಆಕೆಯನ್ನು ಸ್ತ್ರೀರೋಗ ವಿಭಾಗಕ್ಕೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿದಾಗ ಅಂಡಾಶಯದ ಬೃಹತ್ ಸಿಸ್ಟ್ ಹೊರಬಂತು. ಕ್ಯಾನ್ಸರ್ ಅಲ್ಲ. ಆಕೆ ಗುಣವಾಗಿ ಮನೆಗೆ ಹೋದರು.

ಡೊನಾಲ್ಡ್, ಮೆಕ್‌ವಿಕಾರ್, ಬ್ರೌನ್ ಮೂವರ ಲೇಖನ 1958ರ ಜೂನ್ 7ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆಧುನಿಕ ಸ್ಕ್ಯಾನಿಂಗ್‌ನ ಆರಂಭ ಎಂದು ಅದನ್ನು ಎಲ್ಲರೂ ಒಪ್ಪುತ್ತಾರೆ. ಯಂತ್ರ ಬಂತು, ಗೊಂದಲ ಹೋಯಿತು ಎಂದು ಈ ಕತೆಯನ್ನು ಸಾಮಾನ್ಯವಾಗಿ ಹೇಳುವುದುಂಟು. ನನಗೆ ಕಾಣುವುದು ಬೇರೆ. ಅಲ್ಲಿ ಎರಡು ಪರೀಕ್ಷೆಗಳು ಎರಡು ಮಾತು ಹೇಳಿದವು. ಮೊದಲನೆಯದೂ ಒಂದು ಯಂತ್ರದ ಚಿತ್ರವೇ. ತಪ್ಪಿದ್ದು ಚಿತ್ರದಿಂದ ತೆಗೆದ ತೀರ್ಮಾನ. ಎರಡನೆಯದು ಗೆದ್ದದ್ದು ಅದು ಹೊಸದೆಂಬ ಕಾರಣಕ್ಕಲ್ಲ. ಜಲೋದರವೋ ಸಿಸ್ಟೋ ಎಂಬ ಒಂದೇ ಒಂದು ಪ್ರಶ್ನೆಯನ್ನು ಖಚಿತವಾಗಿ ಕೇಳಿದ್ದರು, ಆ ಯಂತ್ರಕ್ಕೆ ಉತ್ತರಿಸಲು ಬರುತ್ತಿದ್ದ ಪ್ರಶ್ನೆ ಅದಾಗಿತ್ತು.

ಸ್ವಲ್ಪ ಭೌತಶಾಸ್ತ್ರ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೃದುವಾದ ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೊಸೆಕೆಂಡ್ ಬೇಕು. ಯಂತ್ರಕ್ಕೆ ಅಂಡಾಶಯ ಗೊತ್ತಿಲ್ಲ, ಗರ್ಭಕೋಶ ಗೊತ್ತಿಲ್ಲ. ಗೊತ್ತಿರುವುದು ಈ ಸಮಯ ಮತ್ತು ಪ್ರತಿಧ್ವನಿಯ ಬಲ ಮಾತ್ರ. ಹೊಟ್ಟೆಯ ಮೇಲಿಂದ ನೋಡುವಾಗ ಆಳಕ್ಕೆ ಇಳಿಯಬೇಕಾದ್ದರಿಂದ ಸಾಮಾನ್ಯವಾಗಿ 3.5 ಮೆಗಾಹರ್ಟ್ಜ್‌ನ ಆಸುಪಾಸಿನ ಧ್ವನಿ ಬಳಸುತ್ತಾರೆ. ಅದರ ತರಂಗಾಂತರ 0.44 ಮಿಲಿಮೀಟರ್. 7 ಮೆಗಾಹರ್ಟ್ಜ್ ಆದರೆ 0.22. ತರಂಗ ಚಿಕ್ಕದಾದಷ್ಟೂ ಸೂಕ್ಷ್ಮ ಕಾಣುತ್ತದೆ, ಆದರೆ ಆಳಕ್ಕೆ ಹೋಗುವುದಿಲ್ಲ. ಅದಕ್ಕೇ ವಿವಾಹಿತರಲ್ಲಿ ಯೋನಿಮಾರ್ಗವಾಗಿ, ಅಂಡಾಶಯಕ್ಕೆ ಹತ್ತಿರದಿಂದ ನೋಡುವ ಶೋಧಕವನ್ನು ಬಳಸುತ್ತಾರೆ. ನಮ್ಮಲ್ಲಿ ಅವಿವಾಹಿತ ಹುಡುಗಿಯರಿಗೆ ಹಾಗೆ ಮಾಡುವುದಿಲ್ಲ. ಬೇಕಾದಷ್ಟು ನೀರು ಕುಡಿಸಿ, ತುಂಬಿದ ಮೂತ್ರಕೋಶವನ್ನು ಕಿಟಕಿಯಾಗಿ ಬಳಸಿ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ಮೂತ್ರಕೋಶ ಅರ್ಧ ತುಂಬಿದ್ದರೆ ಕಿಟಕಿಯೂ ಅರ್ಧವೇ. ಒಂದೇ ವಾರದಲ್ಲಿ ಎರಡು ಬಗೆಯಲ್ಲಿ ನೋಡಿದ ಎರಡು ವರದಿಗಳು ಒಂದೇ ಮಾತು ಹೇಳಬೇಕೆಂದು ನಾವು ನಿರೀಕ್ಷಿಸುವುದಾದರೂ ಹೇಗೆ?

ಯಂತ್ರ ಒಂದೇ ಆದರೂ ದಿನ ಒಂದೇ ಅಲ್ಲ. ಪ್ರತಿ ತಿಂಗಳೂ ಅಂಡಾಶಯದಲ್ಲಿ ಒಂದು ಅಂಡಕೋಶಕ, ಅಂದರೆ ಫಾಲಿಕಲ್, ಬೆಳೆದು ಸುಮಾರು 20 ಮಿಲಿಮೀಟರ್ ಆಗಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಕೆಲವೊಮ್ಮೆ ರಕ್ತ ತುಂಬಿ ಬಲೆಬಲೆಯಾಗಿ ಕಾಣುವ ಸಿಸ್ಟ್ ಉಳಿಯುತ್ತದೆ. ನೋಡಿದವರಿಗೆ ಅದು ಅನುಮಾನ ಹುಟ್ಟಿಸಬಹುದು. ಒಂದೆರಡು ಮುಟ್ಟು ಕಳೆದ ಮೇಲೆ ನೋಡಿದರೆ ಅದು ಇರುವುದೇ ಇಲ್ಲ. ಆಗ ಮನೆಯವರು ಮೊದಲಿನ ವೈದ್ಯರನ್ನು ಬೈಯುತ್ತಾರೆ, ಇಲ್ಲವೇ ನಡುವೆ ಕುಡಿಸಿದ ಕಷಾಯವನ್ನು ಹೊಗಳುತ್ತಾರೆ. ಗರ್ಭಕೋಶದ ಒಳಪದರವೂ ಹಾಗೆಯೇ. ಮುಟ್ಟಿನ ಹೊತ್ತಿಗೆ ಕೆಲವೇ ಮಿಲಿಮೀಟರ್, ಮುಂದಿನ ಮುಟ್ಟಿಗೆ ಮುಂಚೆ ಹದಿನಾರರವರೆಗೂ ಏರಬಹುದು. ಮುಟ್ಟಿನ ಎಷ್ಟನೆಯ ದಿನ ಎಂದು ಬರೆಯದ ವರದಿ ದಿನಾಂಕವಿಲ್ಲದ ಪತ್ರದಂತೆ.

ಈಗ ನನ್ನ ಸೋದರ ಸೊಸೆಯ ಲಕೋಟೆಗೆ ಬರೋಣ. ಪಾಲಿಸಿಸ್ಟಿಕ್ ಎಂದರೆ ಅನೇಕ ಸಿಸ್ಟ್‌ಗಳು. ಮೊದಲ ತಪ್ಪು ಹೆಸರಿನಲ್ಲೇ ಇದೆ. ಅವು ಸಿಸ್ಟ್‌ಗಳಲ್ಲ, ಬೆಳವಣಿಗೆ ಅರ್ಧಕ್ಕೆ ನಿಂತ ಫಾಲಿಕಲ್‌ಗಳು. ಅವು ಎಷ್ಟಿದ್ದರೆ 'ಅನೇಕ'? 1986ರಲ್ಲಿ ಲಂಡನ್ನಿನ ಸಂಶೋಧಕರು ಚಿತ್ರದ ಒಂದು ತಲದಲ್ಲಿ 2ರಿಂದ 8 ಮಿಲಿಮೀಟರಿನವು 10 ಅಥವಾ ಹೆಚ್ಚು ಇರಬೇಕೆಂದರು. ಎರಡೇ ವರ್ಷದಲ್ಲಿ, 1988ರಲ್ಲಿ, ರೋಗಿಗಳಲ್ಲದ ಸಾಮಾನ್ಯ ಸ್ತ್ರೀಯರನ್ನು ಅಲ್ಲಿಯೇ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಅಂಡಾಶಯ ಹೀಗೇ ಕಂಡಿತು! ಅಂದರೆ ಚಿತ್ರ ಹೀಗಿದ್ದ ಮಾತ್ರಕ್ಕೆ ರೋಗವಲ್ಲ ಎಂದಾಯಿತು. 1990ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿ ಬರೆದ ಲಕ್ಷಣಗಳಲ್ಲಿ ಸ್ಕ್ಯಾನಿಂಗ್‌ಗೆ ಜಾಗವೇ ಇರಲಿಲ್ಲ. ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನಿನ ಹೆಚ್ಚಳ ಸಾಕು ಎಂದರು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಎರಡೂ ಕಡೆಯವರು ಸೇರಿ ಚಿತ್ರವನ್ನು ಮೂರು ಲಕ್ಷಣಗಳಲ್ಲಿ ಒಂದಾಗಿ ಒಳಗೆ ಬಿಟ್ಟುಕೊಂಡರು. ಮೂರರಲ್ಲಿ ಎರಡಿದ್ದರೆ ರೋಗ. ಇಡೀ ಅಂಡಾಶಯದಲ್ಲಿ 12 ಫಾಲಿಕಲ್, ಅಥವಾ ಗಾತ್ರ 10 ಮಿಲಿಲೀಟರಿಗಿಂತ ಹೆಚ್ಚು ಎಂಬುದು ಅಲ್ಲಿ ನಿಂತ ಅಳತೆ. ಆಮೇಲೆ ಯಂತ್ರಗಳು ಎಷ್ಟು ಸುಧಾರಿಸಿದವೆಂದರೆ ಆರೋಗ್ಯವಂತ ತರುಣಿಯರಲ್ಲೂ 12ಕ್ಕಿಂತ ಹೆಚ್ಚು ಕಾಣತೊಡಗಿದವು. 2014ರಲ್ಲಿ ಒಂದು ತಜ್ಞ ಮಂಡಲಿ 25 ಎಂದಿತು. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ 20ಕ್ಕೆ ತಂದು ನಿಲ್ಲಿಸಿತು.

ಒಂದು ಅಂಡಾಶಯದಲ್ಲಿ 15 ಫಾಲಿಕಲ್‌ಗಳಿವೆ ಎನ್ನಿ. 2003ರ ಪಟ್ಟಿಯ ಪ್ರಕಾರ ಅದು ಪಾಲಿಸಿಸ್ಟಿಕ್. 2018ರ ಪಟ್ಟಿಯ ಪ್ರಕಾರ ಸಹಜ. ಅಂಡಾಶಯ ಬದಲಾಗಿಲ್ಲ, ಎಣಿಕೆಯೂ ಬದಲಾಗಿಲ್ಲ. ಒಬ್ಬ ವೈದ್ಯರು ಹಳೆಯ ಅಳತೆಯನ್ನೂ ಇನ್ನೊಬ್ಬರು ಹೊಸ ಅಳತೆಯನ್ನೂ ಬಳಸಿದರೆ ಇಬ್ಬರೂ ಪ್ರಾಮಾಣಿಕರಾಗಿಯೇ ವಿರುದ್ಧ ವರದಿ ಕೊಡಬಹುದು.

ಹುಡುಗಿಯ ಎರಡು ವರದಿಗಳಲ್ಲೂ ಬಲ ಅಂಡಾಶಯದ ಮೂರು ಅಳತೆಗಳಿದ್ದವು. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ 0.523ರಿಂದ ಮತ್ತೆ ಗುಣಿಸಿದರೆ ಗಾತ್ರ. ಮೊಟ್ಟೆಯಾಕಾರದ ವಸ್ತುವಿನ ಘನಫಲದ ಸೂತ್ರ. ನೀವು ಗಣಿತದಲ್ಲಿ ಓದಿರುತ್ತೀರಿ. ಮೊದಲ ವರದಿಯಲ್ಲಿ 3.5, 2.6, 2.2 ಸೆಂಟಿಮೀಟರ್. ಎರಡನೆಯದರಲ್ಲಿ 3.4, 2.5, 2.2. ಲಕೋಟೆಯ ಬೆನ್ನಿನ ಮೇಲೆಯೇ ಅವಳಿಂದ ಲೆಕ್ಕ ಮಾಡಿಸಿದೆ. ಮೊದಲನೆಯದು 10.47 ಮಿಲಿಲೀಟರ್, ಎರಡನೆಯದು 9.78. ಹತ್ತರ ಗೆರೆಯ ಆಚೆಗೊಂದು, ಈಚೆಗೊಂದು. ಎರಡು ಕಡೆ ಒಂದೊಂದು ಮಿಲಿಮೀಟರಿನ ವ್ಯತ್ಯಾಸಕ್ಕೆ 'ರೋಗ' ಬಂದು ಹೋಗಿತ್ತು. ನಮ್ಮ ಮನೆಯ ಸ್ಕೇಲಿನಲ್ಲಿ ಗೆರೆ ಎಳೆಯುವಾಗ ಪೆನ್ಸಿಲಿನ ಮೊನೆ ಅಷ್ಟು ಸರಿದೀತು.

ಇಷ್ಟೇ ಅಲ್ಲ. 2018ರ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, 2023ರ ಆವೃತ್ತಿಯೂ ಅದನ್ನು ಉಳಿಸಿಕೊಂಡಿದೆ. ಹುಡುಗಿ ಮೈನೆರೆದು ಎಂಟು ವರ್ಷ ಆಗುವವರೆಗೆ ಈ ರೋಗವನ್ನು ಗುರುತಿಸಲು ಸ್ಕ್ಯಾನಿಂಗ್ ಬಳಸಬಾರದು. ಆ ವಯಸ್ಸಿನಲ್ಲಿ ಅಂಡಾಶಯದಲ್ಲಿ ಫಾಲಿಕಲ್‌ಗಳು ಹೆಚ್ಚಿರುವುದೇ ಸಹಜ. ನಿಮ್ಮಲ್ಲಿ ಎಷ್ಟು ಜನರ ತರಗತಿಯ ಗೆಳತಿಯರು, ಅಕ್ಕತಂಗಿಯರು ಇಂಥ ಒಂದು ಲಕೋಟೆ ಹಿಡಿದು ಅತ್ತಿದ್ದಾರೋ! ರೋಗ ಇಲ್ಲವೆಂದು ನಾನು ಹೇಳುತ್ತಿಲ್ಲ. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ, ಮುಖದ ಮೇಲೆ ಕೂದಲು ದಟ್ಟವಾಗಿ ಬಂದರೆ ವೈದ್ಯರನ್ನು ಕಾಣಲೇಬೇಕು. ರಕ್ತಪರೀಕ್ಷೆ ಇದೆ, ರೋಗಿಯ ಮಾತು ಇದೆ. ಚಿತ್ರ ಒಂದೇ ಸಾಕ್ಷಿಯಲ್ಲ.

ಗರ್ಭಕೋಶದ ವಿಷಯದಲ್ಲಿ ಗೊಂದಲ ಬೇರೆ ಬಗೆಯದು. ಗರ್ಭಕೋಶದ ಗೋಡೆಯಲ್ಲಿ ಉಂಡೆಯಾಗಿ ಬೆಳೆಯುವುದು ನಾರುಗಡ್ಡೆ, ಫೈಬ್ರಾಯ್ಡ್. ಒಳಪದರವೇ ಗೋಡೆಯ ಸ್ನಾಯುವಿನೊಳಗೆ ನುಗ್ಗಿ ಹರಡುವುದು ಅಡಿನೋಮಯೋಸಿಸ್. ಎರಡರಲ್ಲೂ ಗರ್ಭಕೋಶ ದಪ್ಪವಾಗುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ಅಮೆರಿಕದ ಥಾಮಸ್ ಕಲನ್ 1908ರಲ್ಲಿ ಎರಡನೆಯದರ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು, ಆದರೆ ಅವರು ನೋಡಿದ್ದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶಗಳನ್ನು. ಬದುಕಿರುವ ಹೆಂಗಸಿನಲ್ಲಿ ಅದನ್ನು ಸ್ಕ್ಯಾನಿಂಗ್‌ನಿಂದ ಹೇಗೆ ವರ್ಣಿಸಬೇಕು ಎಂಬ ಬಗ್ಗೆ ತಜ್ಞರ ಒಮ್ಮತದ ಶಬ್ದಗಳು ಬಂದದ್ದು 2015ರಲ್ಲಿ. ಹಾಗಾಗಿ ಒಬ್ಬರು ಫೈಬ್ರಾಯ್ಡ್ ಎಂದದ್ದನ್ನು ಇನ್ನೊಬ್ಬರು ಅಡಿನೋಮಯೋಸಿಸ್ ಎನ್ನುವುದು ಅಪರೂಪವಲ್ಲ. ಅನುಮಾನವಿದ್ದಾಗ ಎಂ.ಆರ್.ಐ. ಮಾಡಿಸುವುದುಂಟು.

ಈ ಮಾತು ಪರೀಕ್ಷಾ ಕೊಠಡಿಯೊಳಗೇ ಉಳಿಯುವುದಿಲ್ಲ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಅನೇಕ ಬಡ ಮಹಿಳೆಯರ, ಅವರಲ್ಲಿಯೂ ಲಂಬಾಣಿ ತಾಂಡಾಗಳವರ, ಗರ್ಭಕೋಶವನ್ನೇ ತೆಗೆದುಹಾಕಿದ ಸಂಗತಿ 2015ರ ಸುಮಾರಿಗೆ ಹೊರಬಂತು. ಸರ್ಕಾರ ತನಿಖೆ ಮಾಡಿಸಿತು; ಬಹಳಷ್ಟು ಶಸ್ತ್ರಚಿಕಿತ್ಸೆಗಳು ಬೇಕಾಗಿಯೇ ಇರಲಿಲ್ಲ ಎಂದು ಕಂಡುಬಂತು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಹೇಳಿತು. 'ಗರ್ಭಕೋಶ ದಪ್ಪಗಿದೆ' ಎಂಬ ಒಂದು ಸಾಲು ಓದುಬರಹ ಬಾರದ ಹೆಂಗಸಿನ ಕೈಯಲ್ಲಿ ಏನಾದೀತು ಎಂದು ಯೋಚಿಸಿ. ಇನ್ನೊಂದು ಕಡೆ ತೋರಿಸಿ ಎರಡನೆಯ ವರದಿ ತರುವ ಅನುಕೂಲ ಆಕೆಗೆ ಎಲ್ಲಿದೆ? ನನ್ನ ಅಕ್ಕನಿಗೆ ಎರಡು ಲಕೋಟೆಗಳು ಚಿಂತೆ ತಂದವು. ಒಂದೇ ಲಕೋಟೆ ಇರುವವರ ಪಾಡು ಅದಕ್ಕಿಂತ ಕಷ್ಟ.

ತಜ್ಞರು ಈ ಬಗ್ಗೆ ಸುಮ್ಮನೆ ಕೂತಿಲ್ಲ. 1999ರಲ್ಲಿ ಬೆಲ್ಜಿಯಂನ ಡಿರ್ಕ್ ಟಿಮರ್‌ಮನ್, ಸ್ವೀಡನ್ನಿನ ಲಿಲ್ ವ್ಯಾಲೆಂಟಿನ್, ಲಂಡನ್ನಿನ ಟಾಮ್ ಬೋರ್ನ್ ಮೊದಲಾದವರು ಸೇರಿ ಅಂಡಾಶಯದ ಗಡ್ಡೆಗಳ ಬಗ್ಗೆ ಒಂದು ಅಂತಾರಾಷ್ಟ್ರೀಯ ಗುಂಪು ಕಟ್ಟಿದರು, ಐ.ಓ.ಟಿ.ಎ. ಎಂದು ಅದರ ಹೆಸರು. ಮೊದಲು ಅವರು ಮಾಡಿದ್ದು ಹೊಸ ಯಂತ್ರವನ್ನಲ್ಲ, ಒಂದು ನಿಘಂಟನ್ನು. ಒಳಗೆ ಪರದೆ ಇದ್ದರೆ ಏನೆನ್ನಬೇಕು, ಗಟ್ಟಿ ಭಾಗ ಎಂದರೆ ಯಾವುದು, ರಕ್ತದ ಓಡಾಟವನ್ನು ಒಂದರಿಂದ ನಾಲ್ಕರವರೆಗೆ ಹೇಗೆ ಎಣಿಸಬೇಕು ಎಂದು 2000ದಲ್ಲಿ ಪ್ರಕಟಿಸಿದರು. 2008ರಲ್ಲಿ ಅವರು ಹತ್ತು ಸರಳ ನಿಯಮಗಳನ್ನು ಕೊಟ್ಟರು. ಐದು ಲಕ್ಷಣಗಳು ಸಾಧು ಗಡ್ಡೆಯವು, ಐದು ಕ್ಯಾನ್ಸರಿನವು. ಒಂದು ಬಗೆಯವು ಮಾತ್ರ ಕಂಡರೆ ಉತ್ತರ ಸಿಕ್ಕಿತು. ಎರಡೂ ಬಗೆಯವು ಕಂಡರೆ, ಅಥವಾ ಯಾವುದೂ ಕಾಣದಿದ್ದರೆ, 'ಹೇಳಲಾಗದು' ಎಂದೇ ಬರೆಯಬೇಕು. ಅವರ ಮೊದಲ ಅಧ್ಯಯನದಲ್ಲಿ ಶೇಕಡ 76 ಗಡ್ಡೆಗಳಿಗೆ ನಿಯಮ ಅನ್ವಯಿಸಿತು; ಉಳಿದ 24ಕ್ಕೆ ಇಲ್ಲ. ಹಾಗೆ ಉಳಿದವರನ್ನು ಹೆಚ್ಚು ಅನುಭವಿಗಳ ಬಳಿ ಕಳಿಸಬೇಕು. ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಆ ಶೇಕಡ 24 ಬಹಳ ಹಿಡಿಸಿತು. ತಿಳಿಯದ್ದನ್ನು ತಿಳಿಯದೆಂದು ಬರೆಯಲು ವರದಿಯ ನಮೂನೆಯಲ್ಲಿಯೇ ಒಂದು ಜಾಗ!

ಹುಡುಗಿಯನ್ನು ಕೊನೆಗೆ ಒಬ್ಬರು ಹಿರಿಯ ಸ್ತ್ರೀರೋಗ ತಜ್ಞೆಗೆ ತೋರಿಸಿದೆವು. ಆಕೆ ಎರಡು ಲಕೋಟೆಗಳನ್ನೂ ಪಕ್ಕಕ್ಕಿಟ್ಟು ಅವಳನ್ನು ಅರ್ಧ ಗಂಟೆ ಮಾತಾಡಿಸಿದರು. ಮೈನೆರೆದು ಎಷ್ಟು ವರ್ಷ, ತೂಕ ಹೇಗಿದೆ, ರಾತ್ರಿ ಎಷ್ಟು ಹೊತ್ತಿನವರೆಗೆ ಓದುತ್ತೀಯ, ಪರೀಕ್ಷೆ ಯಾವಾಗ ಎಂದೆಲ್ಲ ಕೇಳಿದರು. ಥೈರಾಯ್ಡ್‌ನ ರಕ್ತಪರೀಕ್ಷೆ ಬರೆದುಕೊಟ್ಟರು, ಅದು ಸರಿಯಾಗಿಯೇ ಬಂತು. ಆರು ತಿಂಗಳು ಮುಟ್ಟಿನ ದಿನಗಳನ್ನು ಗುರುತು ಹಾಕಿಕೊಂಡು ಬಾ, ಅಲ್ಲಿಯವರೆಗೆ ಸ್ಕ್ಯಾನಿಂಗ್ ಬೇಡ ಎಂದರು. ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನ ಚುಕ್ಕೆಗಳು ಬಿದ್ದವು. ಪರೀಕ್ಷೆ ಮುಗಿದ ಮೇಲೆ ಚುಕ್ಕೆಗಳ ನಡುವಿನ ಅಂತರ ಮೂವತ್ತೈದಕ್ಕೆ, ಮೂವತ್ತಕ್ಕೆ ಇಳಿಯಿತು. ಲಕೋಟೆಗಳು ನಮ್ಮ ಮನೆಯಲ್ಲಿಯೇ ಉಳಿದಿವೆ. ಒಂದರ ಬೆನ್ನಿನ ಮೇಲೆ ಅವಳು ಮಾಡಿದ ಗುಣಾಕಾರ ಇದೆ. ಮೊದಲ ಸಲ ದಶಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟು ಹೊಡೆದುಹಾಕಿದ್ದೂ ಕಾಣುತ್ತದೆ.